ಪೂಸಾಂ ಚಿತ್ರದ ನಕಲು ಮುಗಿಯಿತು, ಹೆಗಲು ಕೊಟ್ಟವರಿಗೆ ವಂದನೆ

ಫ್ರೆಂಚ್ ಚಿತ್ರಕಾರ ನಿಕೋಲಾ ಪೂಸಾಂ 1634–36ರ ಸುಮಾರಿಗೆ ಬರೆದ ‘ಕಾಲದ ಸಂಗೀತಕ್ಕೆ ನೃತ್ಯ’ ಚಿತ್ರದ ನಮ್ಮ ನಕಲು ಈಸೆಲ್‌ನಿಂದ ಇಳಿದಿದೆ. ಬಡತನ, ದುಡಿಮೆ, ಸಿರಿ, ಸುಖ ಈ ನಾಲ್ವರು ಕೈಕೈ ಹಿಡಿದು, ಮುಖ ಹೊರಗೆ ಮಾಡಿ ಸುತ್ತು ಕುಣಿಯುತ್ತಾರೆ. ರೆಕ್ಕೆಯ ಮುದುಕ ಕಾಲಪುರುಷ ಲೈರ್ ಎಂಬ ತಂತಿವಾದ್ಯ ನುಡಿಸುತ್ತಾನೆ, ಮೇಲೆ ಮೋಡದಲ್ಲಿ ಸೂರ್ಯದೇವ ಅಪೊಲೊನ ರಥ. ಎಣ್ಣೆಬಣ್ಣ ಕಲಿಯುವವರಿಗೆ ಇದು ಭಾರದ ಕೆಲಸವೇ.

ಮೊದಲ ವಂದನೆ ಮರದ ಕೆಲಸದ ಆಚಾರ್ರಿಗೆ. ಲಂಡನ್ನಿನ ವಾಲೇಸ್ ಕಲೆಕ್ಷನ್ ಸಂಗ್ರಹಾಲಯದಲ್ಲಿರುವ ಮೂಲ 82.5 × 104 ಸೆಂ.ಮೀ. ಅದರ ಮುಕ್ಕಾಲು, ಅಂದರೆ 62 × 78ಕ್ಕೆ ತೇಗದ ಚೌಕಟ್ಟು ಮಾಡಿಕೊಟ್ಟರು. ಒಳ ಅಂಚನ್ನು ಇಳಿಜಾರಾಗಿ ಹೆರೆದದ್ದು ಅವರದೇ ಯೋಚನೆ. ಹಾಗೆ ಹೆರೆಯದಿದ್ದರೆ ಮರದ ಗೆರೆ ಕ್ಯಾನ್ವಾಸಿನ ಮೇಲೆ ಮೂಡಿಬಿಡುತ್ತದೆ. ನಾಲ್ಕು ಮೂಲೆಗೂ ಬೆಣೆ ಇಟ್ಟಿದ್ದರಿಂದ, ಮಳೆಗೆ ಸಡಿಲವಾದ ಬಟ್ಟೆಯನ್ನು ಮತ್ತೆ ಬಿಗಿ ಮಾಡಲು ಬಂತು.

ನಮ್ಮ ಮಾಷ್ಟ್ರ ಋಣ ದೊಡ್ಡದು. ಈ ಚಿತ್ರ ಕೆಡುವುದು ಕೈಗಳಲ್ಲೇ ಎಂದು ಶುರುವಿಗೇ ಎಚ್ಚರಿಸಿದರು. ಒಂದು ಮಣಿಕಟ್ಟು ಅರ್ಧ ಸೆಂಟಿಮೀಟರ್ ಕೆಳಗಿಳಿದರೆ ಸಾಕು, ಕುಣಿತ ಎಳೆದಾಟದಂತೆ ಕಾಣುತ್ತದೆ. ಅದಕ್ಕೇ ಉದ್ದ ಅಗಲ ಎರಡನ್ನೂ ಎಂಟೆಂಟು ಭಾಗ ಮಾಡಿಸಿ ಗೆರೆ ಎಳೆಸಿ, ಕೈ ಸೇರುವ ಮನೆಗಳನ್ನು ಮತ್ತೆ ನಾಲ್ಕಾಗಿ ಒಡೆಸಿದರು. ಕೈಯ ಬದಲು ಕೈಗಳ ನಡುವಿನ ಖಾಲಿ ಜಾಗದ ಆಕಾರ ಬರೆಯಿರಿ ಅಂದರು. ಬರೆದದ್ದನ್ನು ಕನ್ನಡಿಯಲ್ಲಿ ನೋಡಿದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ಎಣ್ಣೆಯ ಲೆಕ್ಕವನ್ನೂ ಅವರೇ ಬಿಡದೆ ಕಾದರು. ಮೊದಲ ಪದರ ರಾ ಅಂಬರ್ ಎಂಬ ಕಂದು ಬಣ್ಣ, ಬರೀ ಟರ್ಪೆಂಟೈನ್‌ನಲ್ಲಿ. ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನ್, ಒಂದು ಪಾಲು ಅಗಸೆ ಎಣ್ಣೆ. ಕೊನೆಗೆ ಸಮಸಮ. ತಿರುವುಮುರುವಾದರೆ ಅಡಿಯ ಎಣ್ಣೆ ಇನ್ನೂ ಒಣಗುತ್ತಿರುವಾಗಲೇ ಮೇಲಿನದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಂಬರ್ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು, ಅಲಿಜರಿನ್ ಎಂಬ ಕೆಂಪು ತಡ, ಆಟಿಯ ಮಳೆಯಲ್ಲಂತೂ ಇನ್ನೂ ತಡ. ಟರ್ಪೆಂಟೈನ್ ಮುಟ್ಟಿಸಿದ ಹತ್ತಿಯನ್ನು ಮೂಲೆಯಲ್ಲಿ ಮೆಲ್ಲಗೆ ಒತ್ತಿ, ಬಣ್ಣ ಹತ್ತದಿದ್ದರೆ ಮಾತ್ರ ಮುಂದಿನ ಪದರ.

ಸುಖದ ನೀಲಿ ಉಡುಗೆಗೆ ಅಲ್ಟ್ರಾಮರೀನ್ ಮತ್ತು ಟೈಟಾನಿಯಂ ಬಿಳಿಯಲ್ಲಿ ಮಡಿಕೆಗಳನ್ನು ಪೂರ್ತಿ ಬರೆದು, ಒಣಗಿದ ಮೇಲೆ ಅಲ್ಟ್ರಾಮರೀನ್ ಒಂದನ್ನೇ ತೆಳ್ಳಗೆ ಎಳೆದು ಬೆರಳತುದಿಯಿಂದ ತಟ್ಟಬೇಕು. ದಪ್ಪ ಹಚ್ಚಿದರೆ ಮಡಿಕೆ ಮುಳುಗಿ ಕಪ್ಪಾಗುತ್ತದೆ. ಇದನ್ನು ಪಕ್ಕದಲ್ಲೇ ನಿಂತು ತೋರಿಸಿದ ಹಿರಿಯ ಕಲಾವಿದೆ ಅಕ್ಕನಿಗೆ ತುಂಬು ಧನ್ಯವಾದ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಅಂತೋನಿಯೊ ಮೊಸ್ಕೇನಿ ಬರೆದ ಮಾಡಿನ ಚಿತ್ರಗಳು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಗುಂಪಿನಲ್ಲಿ ಹಿಂದಿರುವವರನ್ನು ಹೇಗೆ ಮಸುಕು ಮಾಡಬೇಕೆಂದು ಕಲಿಯಲು ನಮ್ಮೂರಲ್ಲೇ ಇಂಥದ್ದೊಂದು ಇರುವುದು ಭಾಗ್ಯ. ಅದನ್ನು ಜೋಪಾನ ಮಾಡಿಕೊಂಡು ಬಂದವರಿಗೂ ನಾವು ಋಣಿಗಳು.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಅದನ್ನು ದಿನವೂ ನೀರಿನ ಬಕೆಟ್ಟಿಗೆ ಹಾಕಿಟ್ಟ ಕಟ್ಟಡದ ಅಕ್ಕನಿಗೆ ವಿಶೇಷ ವಂದನೆ.

ವಾರ್ನಿಷ್‌ಗೆ ಇನ್ನು ಆರು ತಿಂಗಳಾದರೂ ಕಾಯಬೇಕು. ಅಲ್ಲಿಯವರೆಗೆ ಬೂಷ್ಟು ಹಿಡಿಯದಂತೆ ಗಾಳಿಯಾಡುವ ಒಳಗೋಡೆಯೊಂದನ್ನು ಬಿಟ್ಟುಕೊಟ್ಟ ಮನೆಯವರಿಗೂ ನಮಸ್ಕಾರ.