42 ನಿಮಿಷ ಕಾದವರಿಗೆ

ಕಳೆದ ಸೆಪ್ಟೆಂಬರ್‌ನಲ್ಲಿ ನಡೆದ ನಮ್ಮ ಕೃಷಿ ಪತ್ತಿನ ಸಹಕಾರ ಸಂಘದ ವಾರ್ಷಿಕ ಮಹಾಸಭೆಯಲ್ಲಿ, ಕಾರ್ಯದರ್ಶಿಯಾದ ಮೇಲೆ ಮೊದಲ ಬಾರಿಗೆ, ಆಡಳಿತ ವರದಿಯನ್ನು ನಾನೇ ಓದಿದೆ. ಹಿಂದಿನ ಕಾರ್ಯದರ್ಶಿಯವರು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ 11 ಪುಟಗಳಿಗೆ ನನಗೆ 42 ನಿಮಿಷ ಹಿಡಿಯಿತು. ‘ಕಾಯ್ದಿಟ್ಟ ನಿಧಿ’ ಎಂಬಲ್ಲಿ ಗಂಟಲು ಕಟ್ಟಿಕೊಂಡು ನಿಂತುಬಿಟ್ಟಾಗ, ಹಿಂದಿನ ಸಾಲಿನಲ್ಲಿ ಅಡಿಕೆ ಕತ್ತರಿಸುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ ಸುಮ್ಮನೆ ಕಾದರು. ಉಗ್ಗುವವನ ಮಾತನ್ನು ಬಾಯಿಂದ ಕಸಿದು ಪೂರ್ತಿ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಅಂದು ಆ ಉಪಕಾರವನ್ನು ಯಾರೂ ಮಾಡಲಿಲ್ಲ. ಊಟದ ಹೊತ್ತು ಮೀರಿದರೂ ಎದ್ದುಹೋಗದ ಎಲ್ಲ ಸದಸ್ಯರಿಗೆ ನನ್ನ ಮೊದಲ ವಂದನೆಗಳು.

‘ಕಾಯ್ದಿಟ್ಟ ನಿಧಿ’ಗೆ ಬದಲಿ ಪದವಿಲ್ಲ ಎಂಬುದೇ ನನ್ನ ಕಷ್ಟವಾಗಿತ್ತು. ಅಷ್ಟು ವರ್ಷ ನಾನು ಬದುಕಿದ್ದೇ ಪದ ಬದಲಿಸಿಕೊಂಡು. ಓದುವ ಕಾಲದಲ್ಲಿ ಬೆಂಗಳೂರಿನಿಂದ ಶಿವಮೊಗ್ಗದ ಬಸ್ ಹತ್ತಿದರೆ ನಾನು ಇಳಿಯಬೇಕಾದದ್ದು ಕಡೂರಿನಲ್ಲಿ. ‘ಕ’ ಹೊರಡದೆಂಬ ಭಯಕ್ಕೆ, ಅದರ ಮುಂದಿನ ಬೀರೂರಿಗೆ ಟಿಕೆಟ್ ಪಡೆದು ಕಡೂರಿನಲ್ಲೇ ಇಳಿದುಬಿಡುತ್ತಿದ್ದೆ. ಹಾಗೆ ಹೆಚ್ಚಿಗೆ ತೆತ್ತ ದುಡ್ಡನ್ನು ಕೂಡಿ ನೋಡುವ ಧೈರ್ಯ ಲೆಕ್ಕ ಬರೆದೇ ಬದುಕಿದ ನನಗೆ ಇಂದಿಗೂ ಬಂದಿಲ್ಲ.

ಬಜೆಬೇರನ್ನು ಜೇನುತುಪ್ಪದಲ್ಲಿ ತೇಯ್ದು ವರ್ಷಗಟ್ಟಲೆ ನಾಲಿಗೆಗೆ ಹಚ್ಚಿದ ಅವ್ವನಿಗೆ ನಾನು ಋಣಿ. ಅದರಿಂದ ಉಗ್ಗು ಹೋಗಲಿಲ್ಲ, ಆದರೆ ಮನೆಯಲ್ಲಿ ನನ್ನನ್ನು ಯಾರೂ ಅಣಕಿಸದಂತೆ ಕಾದವಳು ಅವಳೇ. ಗ್ಯಾಸ್ ಏಜೆನ್ಸಿಗೂ ನನ್ನ ಪರವಾಗಿ ತಾನೇ ಫೋನ್ ಮಾಡುತ್ತಿದ್ದ ಹೆಂಡತಿ, ಒಂದು ದಿನ ‘ಇನ್ನು ನೀವೇ ಮಾಡಿ’ ಎಂದು ಫೋನನ್ನು ಕೈಗಿತ್ತು ಒಳಗೆ ಹೋದಳು. ಎರಡು ದಿನ ಮಾತು ಬಿಟ್ಟಿದ್ದೆ. ಅದಕ್ಕಾಗಿ ಈಗ ಕ್ಷಮೆಯನ್ನೂ ಕೇಳಬೇಕಿದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಾನು ಹೋದದ್ದು ಅದಾದ ಮೇಲೆ. ಬಾಲ್ಯದಲ್ಲಿ ಉಗ್ಗುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಅದು ತಾನಾಗಿಯೇ ಹೋಗುತ್ತದೆಂದೂ, ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಲ್ಲಿ ಉಳಿಯುತ್ತದೆಂದೂ, ಹಾಗೆ ಉಳಿದವರಲ್ಲಿ ಗಂಡಸರೇ ಹೆಚ್ಚೆಂದೂ ಅಲ್ಲಿನ ವಾಕ್ ಚಿಕಿತ್ಸಕಿ ವಿವರಿಸಿದರು. ಬಳಿಕ ಅವರು ಕೊಟ್ಟ ಕೆಲಸ ವಿಚಿತ್ರವಾಗಿತ್ತು: ದೇವರಾಜ ಮಾರುಕಟ್ಟೆಗೆ ಹೋಗಿ, ಬೇಕೆಂದೇ ಉಗ್ಗಿ, ಕೊತ್ತಂಬರಿ ಸೊಪ್ಪು ಕೇಳಬೇಕು. ಸ್ವತಃ ಉಗ್ಗುತ್ತಿದ್ದ ಅಮೆರಿಕದ ತಜ್ಞ ಚಾರ್ಲ್ಸ್ ವ್ಯಾನ್ ರೈಪರ್ ಬಳಸಿದ ವಿಧಾನಗಳಲ್ಲಿ ಇದೂ ಒಂದಂತೆ. ಉಗ್ಗನ್ನು ಒಪ್ಪಿಕೊಂಡು ಇದ್ದುಬಿಡುವುದಾದರೆ ಚಿಕಿತ್ಸೆ ಏಕೆ ಮೇಡಂ ಎಂದು ನಾನು ಕೇಳಿದ್ದಕ್ಕೆ, ‘ಕ ಬಂದಾಗಲೆಲ್ಲ ನೀವು ಪದವನ್ನೇ ಬದಲಾಯಿಸಿದರೆ ನಾನು ತಿದ್ದುವುದು ಯಾವುದನ್ನು ಸರ್?’ ಎಂದರು.

ಹೋದೆ. ‘ಕೊ... ಕೊ... ಕೊತ್ತಂಬರಿ’ ಎಂದೆ. ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದಾಕೆ ತಲೆಯೆತ್ತದೆಯೇ ‘ಎಷ್ಟು ಕಟ್ಟು?’ ಎಂದಳು. ಬೇಡದಿದ್ದರೂ ನಾಲ್ಕು ಕಟ್ಟು ಕೊಂಡೆ. ಹೆಸರೂ ತಿಳಿಯದ ಆ ಹೆಂಗಸಿಗೂ ಈ ಬರಹದಲ್ಲಿ ಪಾಲಿದೆ.

‘ಪ್ರಯತ್ನಪಟ್ಟರೆ ಹೋಗಿಯೇ ಹೋಗುತ್ತದೆ’ ಎನ್ನುವ ಬಂಧುಗಳೂ, ‘ನೀವು ಇರುವ ಹಾಗೇ ಚೆನ್ನಾಗಿದ್ದೀರಿ, ಬಿಡಿ’ ಎನ್ನುವ ಸ್ನೇಹಿತರೂ ನನ್ನ ಹಿತೈಷಿಗಳೇ, ಆದರೆ ಎರಡೂ ಮಾತು ನನಗೆ ಒಗ್ಗುವುದಿಲ್ಲ. ಉಗ್ಗು ನನ್ನದೆಂದು ಎಲ್ಲರ ಮುಂದೆ ತೋರಿಸಿಕೊಂಡ ಮೇಲೆಯೇ, ಮೊದಲ ಅಕ್ಷರವನ್ನು ಹಗುರಾಗಿ ಎಳೆದು ಹೊರಡಿಸುವ ಅಭ್ಯಾಸ ನನಗೆ ಹತ್ತಿದ್ದು. ಈಗಲೂ ದಿನಕ್ಕೆ 20 ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತೇನೆ, ಈಗಲೂ ಸಿಕ್ಕಿಹಾಕಿಕೊಳ್ಳುತ್ತೇನೆ.

ವರದಿಯನ್ನು ಅಚ್ಚುಹಾಕಿಸಿ ಹಂಚಿದರೆ ಸಾಲದೇ ಎಂದು ಕೇಳಿ, ಓದುತ್ತೇನೆಂದಾಗ ಮರುಮಾತಿಲ್ಲದೆ ಒಪ್ಪಿದ ಅಧ್ಯಕ್ಷರಿಗೂ ನಾನು ಕೃತಜ್ಞ. ಈ ವರ್ಷದ ವರದಿ 13 ಪುಟ ದಾಟುವಂತಿದೆ. ಅರ್ಧ ಗಂಟೆ ತಡವಾಗಿ ಎಲೆ ಹಾಕುವಂತೆ ಅಡುಗೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ.