ಗಿರಣಿಗೆ ಐದು ಕಿಲೋ ಜೋಳ

ದೋಸ್ತ,

ಭಾನುವಾರ ರಾತ್ರಿ ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಪುಣೆಯಲ್ಲಿ ಕೂತು ನಲವತ್ತು ನಿಮಿಷ ನೀನು ಹೇಳಿದ್ದೆಲ್ಲ ಸಣ್ಣ ಸಣ್ಣ ಮಾತೇ. ನಿನ್ನ ಹೆಂಡತಿ ಕಿರಾಣಿ ಸಾಮಾನು ಒಮ್ಮೆಲೇ ಬರೆದು ಕೊಡುವುದಿಲ್ಲ, ದಿನಾ ಒಂದೊಂದು ನೆನಪಾಗುತ್ತದೆ. ಫ್ರಿಜ್ಜಿನ ತುಂಬ ಮುಚ್ಚಳ ಇಲ್ಲದ ವಾಟಿಗಳು. ನೀನು ಏನೋ ಹೇಳುತ್ತಿರುವಾಗಲೇ ಅವರವ್ವನ ಫೋನ್ ಎತ್ತುತ್ತಾಳೆ. ಹೇಳಿ ಹೇಳಿ ಸಾಕಾಯ್ತು ಅಂದೆ. ಮದುವೆಯಾಗಿ ಎರಡೇ ವರ್ಷ, ಆಗಲೇ ನಿನ್ನ ದನಿ ಅಷ್ಟು ದಣಿದದ್ದು ಕೇಳಿ ಕೆಟ್ಟನಿಸಿತು.

ಆವತ್ತು ಹೇಳಲು ಬಾರದ್ದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಇನ್ನೂ ಎಷ್ಟೋ ಜನ ಇರಬಹುದು, ಅದಕ್ಕೇ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ನಿಮ್ಮ ವೈನಿ, ಅಂದರೆ ನನ್ನ ಹೆಂಡತಿ, ಓದಿ ಹೂಂ ಅಂದ ಮೇಲೇ ಹಾಕಿದ್ದು.

ನಮ್ಮ ಮದುವೆ 2014ರ ಮೇ ತಿಂಗಳಲ್ಲಿ. ಲಗ್ನಪತ್ರಿಕೆಯಲ್ಲಿ ಊರಿನ ಹೆಸರು ಬಿಜಾಪುರ ಅಂತಲೇ ಇದೆ, ಅದೇ ವರ್ಷ ನವೆಂಬರ್ 1ಕ್ಕೆ ವಿಜಯಪುರ ಆಯಿತು. ಊರಿನ ಹೆಸರು ಬದಲಾದರೂ ನಮ್ಮ ಮನೆಯ ಒಂದು ಜಗಳ ಮಾತ್ರ ಆವತ್ತಿನಿಂದ ಬದಲಾಗದೆ ನಡೆದು ಬಂತು. ಗಿರಣಿ ಜಗಳ.

ವಾರಕ್ಕೊಮ್ಮೆ ಅವಳು ಜೋಳ ಹಸನು ಮಾಡಿ ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಡುತ್ತಾಳೆ. ಬರೀ 5 ಕಿಲೋ. ಇರುವುದು ಒಂದೇ ರಜೆ, ಆ ದಿನ ಗಿರಣಿಯಲ್ಲಿ ಪಾಳಿ ಹಚ್ಚಬೇಕು, ಕರೆಂಟ್ ಹೋದರೆ ಕಾಯಬೇಕು. ಅದರ ಮೇಲೆ, "ಗೋಧಿ ಬೀಸಿದ ಮ್ಯಾಲೆ ಹಾಕಸಬ್ಯಾಡ್ರಿ, ಜೋಳದ ಮ್ಯಾಲೇ ಹಾಕಸ್ರಿ" ಅಂತ ಬೇರೆ. ಹೊಲದಿಂದ ಮಾಲದಂಡಿ ಬಿಳಿ ಜೋಳ ಚೀಲಗಟ್ಟಲೆ ಬಂದು ಬಿದ್ದಿರುತ್ತದೆ. ಒಮ್ಮೆಲೇ 20 ಕಿಲೋ ಬೀಸಿಸಿ ಡಬ್ಬಿ ತುಂಬಿಟ್ಟರೆ ತಿಂಗಳು ನಿಶ್ಚಿಂತೆ ಅಲ್ವಾ? ಎಷ್ಟು ವರ್ಷ ಇದನ್ನೇ ಹೇಳಿದೆನೋ. ಅವಳು ಸುಮ್ನೆ ಚೀಲದ ಬಾಯಿ ಕಟ್ಟಿ ಇಡುತ್ತಿದ್ದಳು. ಆ ಸುಮ್ಮನಿರುವುದೇ ನನಗೆ ಇನ್ನೂ ಜಾಸ್ತಿ ಸಿಟ್ಟು ತರುತ್ತಿತ್ತು. ನನ್ನ ರಜೆಗೆ ಇವಳಿಗೆ ಬೆಲೆಯೇ ಇಲ್ಲ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡುಬಿಟ್ಟಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು, ನಿನಗೆ ಗೊತ್ತು. ಬಲಗೈ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಅವ್ವನಿಗೆ ಮೊಣಕಾಲು ನೋವು, ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಮೊದಲ ಎಂಟು ದಿನ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವವರ ಹತ್ತಿರ ತಂದೆ. ಆಮೇಲೆ ನಾನೇ ಮಾಡುತ್ತೇನೆ ಅಂತ ನಿಂತೆ. ನಿಂತವನು ಮೊದಲು ಮಾಡಿದ ಕೆಲಸ ಯಾವುದು ಗೊತ್ತಾ, 20 ಕಿಲೋ ಜೋಳ ಒಮ್ಮೆಲೇ ಬೀಸಿಸಿಕೊಂಡು ಬಂದದ್ದು. ಅವಳು ನೋಡಿದಳು. ಏನೂ ಅನ್ನಲಿಲ್ಲ.

ರೊಟ್ಟಿ ಕಲಿಯುವುದು ಕಷ್ಟ, ದೋಸ್ತ. ಪರಾತದಲ್ಲಿ ಹಿಟ್ಟು ಗುಡ್ಡೆ ಮಾಡಿ ನಡುವೆ ಕುಣಿ ತೋಡಿ ಕುದಿಯುವ ಎಸರು ಹಾಕಬೇಕು, ಕೈ ತಾಳುವಷ್ಟು ಆರುತ್ತಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಬಡಿಯುವಾಗ ಅದು ತಿರುಗುತ್ತಲೇ ಅಗಲವಾಗಬೇಕು. ಹಂಚಿಗೆ ಹಾಕಿ ಮೇಲೆ ಹಸಿ ಅರಿವೆಯಿಂದ ನೀರು ಸವರಿ, ನೀರು ಆರುವುದಕ್ಕೂ ತಿರುವಿ ಹಾಕುವುದಕ್ಕೂ ಸರಿಹೋಗಬೇಕು. ಅವಳು ಖುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದಳು. ಐದಾರು ದಿನಕ್ಕೆ ಸೊಟ್ಟಪಟ್ಟ ಆದರೂ ಒಡೆಯದ ರೊಟ್ಟಿ ಬರತೊಡಗಿತು. ಮೊದಲ ಸಲ ಒಂದು ಉಬ್ಬಿದಾಗ ಮಗಳು ಚಪ್ಪಾಳೆ ಹೊಡೆದಳು.

ಮೂರನೇ ವಾರಕ್ಕೆ ಎಲ್ಲ ಕೆಟ್ಟಿತು. ಬಡಿಯುತ್ತಿದ್ದಂತೆ ಅಂಚು ಸೀಳುತ್ತಿತ್ತು. ಎತ್ತಿದರೆ ನಡುವೆಯೇ ಹರಿದು ಅರ್ಧ ಕೈಯಲ್ಲಿ, ಅರ್ಧ ಕೆಳಗೆ. ಎಸರು ಕಡಿಮೆಯಾಯಿತೇನೋ ಅಂತ ಹೆಚ್ಚಿಗೆ ಹಾಕಿದೆ, ಇನ್ನೂ ಜಾಸ್ತಿ ನಾದಿದೆ. ನಾಲ್ಕು ದಿನ ಹೀಗೇ. ಐದನೇ ದಿನ ಅವಳು ಎಡಗೈಯಿಂದ ಚಿಟಿಕೆ ಹಿಟ್ಟು ತೆಗೆದು ನಾಲಿಗೆಗೆ ಹಚ್ಚಿ ನೋಡಿದಳು.

"ನಿಮ್ಮ ಕೈ ತಪ್ಪಲ್ರೀ. ಹಿಟ್ಟು ಹಳೇದಾಗ್ಯದ, ಜಿಗಿ ಹೋಗ್ಯದ."

ನಾನೂ ನಾಲಿಗೆಗೆ ಹಚ್ಚಿದೆ. ಸಣ್ಣಗೆ ಕಹಿ. ಆಮೇಲೆ ಅವಳು ಬಿಡಿಸಿ ಹೇಳಿದಳು. ಗೋಧಿಗೆ ಇರುವ ಅಂಟು ಜೋಳಕ್ಕಿಲ್ಲ. ಬಿಸಿ ಎಸರು ಬಿದ್ದು ಹಿಟ್ಟು ಅರೆಬೆಂದಾಗ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು, ಬೀಸಿಟ್ಟ ಹಿಟ್ಟು ದಿನ ಕಳೆದಂತೆ ಆ ಜಿಗಿ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಬೇಗ. ಅದಕ್ಕೇ ವಾರಕ್ಕಾಗುವಷ್ಟೇ ಬೀಸಿಸುವುದು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅಂದೆ.

"ನೀವು ಯಾವಾಗ ಕೇಳೀರಿ? ವಾರಾ ವಾರಾ ಬೈದೀರಿ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಪ್ಲಾಸ್ಟರ್ ಕೈ ತೊಡೆಯ ಮೇಲಿಟ್ಟುಕೊಂಡು, ಉಳಿದ ಹಿಟ್ಟನ್ನು ಏನು ಮಾಡುವುದು ಅನ್ನುವ ಯೋಚನೆಯಲ್ಲೇ ಹೇಳಿದಳು. ನನಗೆ ಆ ಮಾತು ಇವತ್ತಿಗೂ ಮರೆತಿಲ್ಲ. ನಾನು ಎಷ್ಟು ಸಲ "ಯಾಕೆ" ಅಂದಿದ್ದೆ! ಆದರೆ ಅಷ್ಟೂ ಸಲ ಅದು ಬೈಗುಳವೇ ಆಗಿತ್ತು. ಬೈಗುಳಕ್ಕೆ ಯಾರು ಉತ್ತರ ಕೊಡುತ್ತಾರೆ ಹೇಳು.

ಅದೇ ಆರು ವಾರದಲ್ಲಿ ಇನ್ನೊಂದು ಕಂಡಿತು. ಮಧ್ಯಾಹ್ನ ಒಂದರ ಹೊತ್ತಿಗೆ ಯಾರು ಬಂದರೂ "ಊಟ ಮಾಡ್ಕೊಂಡೇ ಹೋಗು" ಅನ್ನುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದದ್ದು, ಅದನ್ನು ನಾನು ಬಿಡುವುದೂ ಇಲ್ಲ. ಆದರೆ ಒಳಗೆ ಕೇಳದೆ ಅನ್ನುತ್ತಿದ್ದೆ. ನಾನು ರೊಟ್ಟಿ ಮಾಡುತ್ತಿದ್ದಾಗ ಒಮ್ಮೆ ಅಪ್ಪನ ಗೆಳೆಯರು ಇಬ್ಬರು ಬಂದರು, ಬಿಸಿ ರೊಟ್ಟಿ ಅವರಿಗೆ ಆಯಿತು, ಕಡೆಗೆ ನನಗೆ ಬುಟ್ಟಿಯಲ್ಲಿ ನಿನ್ನೆಯ ತಂಗಳ ರೊಟ್ಟಿ ಉಳಿಯಿತು. ಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವಾಗ ಅವಳು ಎಷ್ಟು ಸಲ ಇದನ್ನೇ ತಿನ್ನುವುದನ್ನು ನೋಡಿದ್ದೇನೆ ಅನ್ನುವುದು ನೆನಪಾಯಿತು. ಅವಳಿಗೆ ತಂಗಳ ರೊಟ್ಟಿ ಇಷ್ಟ ಅಂತಲೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆವತ್ತು ಕೇಳಿದೆ. "ಬಿಸೀದು ಯಾರಿಗೆ ಬ್ಯಾಡ್ರೀ" ಅಂದಳು.

ಕೇಳಿದರೆ ಎಲ್ಲಕ್ಕೂ ಕಾರಣ ಸಿಗುತ್ತದೆ ಅಂತ ತಿಳಿಯಬೇಡ. ಬಚ್ಚಲ ಲೈಟು ಆರಿಸದೆ ಬರುತ್ತಾಳೆ, ಅದನ್ನೂ ಕೇಳಿದೆ. "ಮರೀತೀನ್ರೀ" ಅಂದಳು. ಅದಕ್ಕೆ ಬೇರೆ ಕಾರಣವೇ ಇಲ್ಲ. ಈಗ ನಾನೇ ಹೋಗಿ ಆರಿಸುತ್ತೇನೆ. ಒಮ್ಮೊಮ್ಮೆ ಸಿಟ್ಟು ಬರುತ್ತದೆ, ಸುಳ್ಳು ಯಾಕೆ ಹೇಳಲಿ.

ನಿನ್ನ ಮನೆಯ ಕಿರಾಣಿ ಚೀಟಿಗೆ ಏನು ಕಾರಣವೋ ನನಗೆ ಗೊತ್ತಿಲ್ಲ. ಕೈಯಲ್ಲಿ ಒಮ್ಮೆಲೇ ದುಡ್ಡು ಇರುವುದಿಲ್ಲವೋ, ಸಂಜೆ ನೀನು ಬೇಗ ಬರಲಿ ಅಂತಲೋ, ಸುಮ್ನೆ ಮರೆವೋ. ನನ್ನನ್ನು ಕೇಳಿದೆ, ಅದನ್ನೇ ನಿನ್ನ ಹೆಂಡತಿಯನ್ನು ಕೇಳಿದ್ದೀಯಾ? ಚೀಟಿ ಕೈಗೆ ಬಂದ ಹೊತ್ತಿನಲ್ಲಿ ಕೇಳಬೇಡ, ಆಗ ನಿನ್ನ ದನಿಯಲ್ಲಿ ಸಿಟ್ಟು ಇದ್ದೇ ಇರುತ್ತದೆ. ಊಟ ಆದ ಮೇಲೆ ಕೇಳು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೋ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಇಬ್ಬರೂ ಬನ್ನಿ. ನಿನ್ನ ಹೆಂಡತಿ ನಮ್ಮ ಜಾತ್ರೆ ನೋಡಿಲ್ಲ ಅಂದಿದ್ದೆಯಲ್ಲ. ಭೋಗಿ ದಿನವೇ ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಿಗುತ್ತದೆ. ಆದರೆ ಎರಡು ದಿನ ಮೊದಲೇ ಫೋನ್ ಮಾಡು. ಎಷ್ಟು ಜನ, ಮಧ್ಯಾಹ್ನಕ್ಕೋ ರಾತ್ರಿಗೋ ಸರಿಯಾಗಿ ಹೇಳು. ನಾನು ಗಿರಣಿಗೆ ಹೋಗಿ ಬರಬೇಕು.

ನಿನ್ನ ದೋಸ್ತ,
ವಿಜಯಪುರ