ಮುಂದಿನ ತಿಂಗಳಿನಿಂದ ಚಾಕೊಲೇಟ್ ಡಬ್ಬಿ ಇರುವುದಿಲ್ಲ

ಪ್ರೀತಿಯ ಪೋಷಕರೇ,

ನಿಟ್ಟುವಳ್ಳಿಯ ನಮ್ಮ ಮಹಿಳಾ ಸಹಕಾರಿ ಶಿಶುಪಾಲನಾ ಕೇಂದ್ರದ ಕಪಾಟಿನ ಮೇಲಿರುವ ಚಾಕೊಲೇಟ್ ಡಬ್ಬಿಯನ್ನು 1ನೇ ತಾರೀಖಿನಿಂದ ತೆಗೆಯುತ್ತಿದ್ದೇವೆ. ಆಟಿಕೆ ಹಂಚಿಕೊಂಡ, ಅಳುವ ಕೂಸನ್ನು ಸಮಾಧಾನ ಮಾಡಿದ ಮಗುವಿಗೆ ಒಂದೊಂದು ಕೊಡುವ ರೂಢಿ ಹಾಕಿದವರು ನಾವೇ. ಎರಡು ವರ್ಷದ ಒಬ್ಬಳು ಅದರಿಂದ ಕಲಿತದ್ದೇನು ಗೊತ್ತೇ? ಪಕ್ಕದವನ ಗೊಂಬೆ ಕಸಿದು, ಅಳಿಸಿ, ವಾಪಸ್ ಕೊಟ್ಟು, ನಮ್ಮ ಮುಂದೆ ಕೈ ಚಾಚುವುದು! ಮೊದಲು ನಕ್ಕೆವು. ಆಮೇಲೆ ಕೂತು ಓದಿದೆವು.

ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದ್ದು ಇದು: ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ ಜಾರಿ ಬಿದ್ದರೆ, 18 ತಿಂಗಳ ಮಕ್ಕಳು ಯಾರೂ ಕೇಳದಿದ್ದರೂ ಎತ್ತಿಕೊಡುತ್ತವೆ. 2008ರಲ್ಲಿ ಅವರೇ 20 ತಿಂಗಳ ಮಕ್ಕಳನ್ನು ಪರೀಕ್ಷಿಸಿದರು. ನೆರವಾದದ್ದಕ್ಕೆ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವುಗಳಿಗಿಂತ ಕಡಿಮೆ ನೆರವಾದವು. ಅಂದರೆ ಇದ್ದ ಗುಣಕ್ಕೆ ನಾವೇ ಕೂಲಿ ಕಟ್ಟಿ ಕೆಡಿಸುತ್ತಿದ್ದೆವು.

ಆ ಗುಣ ಒಮ್ಮೆಲೇ ಬರುವುದಿಲ್ಲ ನಿಜ. ಹೆರಿಗೆ ವಾರ್ಡಿನಲ್ಲಿ ಒಂದು ಕೂಸು ಅತ್ತರೆ ಪಕ್ಕದ್ದೂ ಅಳುವುದನ್ನು ನೀವೇ ಕಂಡಿದ್ದೀರಿ. ಅದಕ್ಕಿನ್ನೂ ನೋವು ಯಾರದೆಂದು ತಿಳಿಯದು. ಒಂದೂವರೆ ವರ್ಷದ ಹೊತ್ತಿಗೆ ಸಮಾಧಾನ ಮಾಡಲು ಹೋಗುತ್ತವೆ, ಆದರೆ ತಮಗೆ ಬೇಕಾದದ್ದನ್ನೇ ಕೊಡುತ್ತವೆ. ನಮ್ಮಲ್ಲೊಬ್ಬ ಅಳುವ ಗೆಳತಿಯ ಮಡಿಲಿಗೆ ತನ್ನದೇ ಜೊಲ್ಲು ಮೆತ್ತಿದ ದುಪಟಿ ಹಾಕಿ ಬರುತ್ತಾನೆ. ಅವಳು ಇನ್ನೂ ಜೋರಾಗಿ ಅಳುತ್ತಾಳೆ, ಪಾಪ! ಎದುರಿನವರ ಇಷ್ಟ ಬೇರೆ ಇರಬಹುದೆಂಬ ತಿಳಿವಳಿಕೆ ಸುಮಾರು ಈ ವಯಸ್ಸಿನಲ್ಲೇ ಮೊಳೆಯುತ್ತದೆ.

ಇನ್ನು ಮುಂದೆ ನಮ್ಮ ಆಯಾಗಳು ಚಾಕೊಲೇಟ್ ಬದಲು ಮಾತು ಕೊಡುತ್ತಾರೆ: 'ನೋಡು, ಅವಳ ಮೊಣಕಾಲಿಗೆ ಪೆಟ್ಟಾಗಿದೆ, ಅದಕ್ಕೇ ಅಳ್ತಿದಾಳೆ.' ಬಲವಂತದ 'ಸಾರಿ' ಹೇಳಿಸುವುದನ್ನೂ ಬಿಡುತ್ತೇವೆ. ಗೊಂಬೆ ಕೊಡದ ಎರಡು ವರ್ಷದ ಮಗುವನ್ನು ಮನೆಯಲ್ಲಿ ಸ್ವಾರ್ಥಿ ಎನ್ನಬೇಡಿ.

'ಬೆಲ್ಲ ತೋರಿಸದೆ ಕೂಸು ಮಾತು ಕೇಳ್ತದೇನು?' ಎಂದು ಅಜ್ಜಿಯೊಬ್ಬರು ಕೇಳಿದ್ದಾರೆ. ಮೊದಲ ವಾರ ರಂಪ ಆಗಬಹುದು, ಒಪ್ಪುತ್ತೇವೆ. ಹುಟ್ಟುಹಬ್ಬದ ಸಿಹಿಗೆ ಅಡ್ಡಿಯಿಲ್ಲ, ಊಟವಾದ ಮೇಲೆ ಎಲ್ಲರಿಗೂ. ಶುಲ್ಕ ಬದಲಾಗಿಲ್ಲ.

ಶನಿವಾರ ಸಂಜೆ 5ಕ್ಕೆ ಬನ್ನಿ, ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಮಾತಾಡೋಣ. ಡಬ್ಬಿಯಲ್ಲಿ ಉಳಿದ ಚಾಕೊಲೇಟನ್ನು ಅಂದು ದೊಡ್ಡವರಿಗೇ ಹಂಚುತ್ತೇವೆ.

ನಿಮ್ಮ,
ಕೇಂದ್ರದ ಸದಸ್ಯೆಯರು, ದಾವಣಗೆರೆ